ಗೊತ್ತಿಲ್ಲದ ನಂಬರೇ ಗಿರಾಕಿ ಆದ್ರೆ ಎಂತ ಮಾಡೋದು? ಗೋಕರ್ಣ ಹತ್ತಿರದ ಒಂದು ಹೋಮ್‌ಸ್ಟೇ ಫೋನಿನ ಪ್ರಕರಣ

ಗೊತ್ತಿಲ್ಲದ ನಂಬರ್ ಬಂದ್ರೆ ಎತ್ಲೇಬೇಡಿ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಭಾವನ ಹತ್ರ ಈ ಮಾತು ಹೇಳಿ ಉಪಯೋಗ ಇಲ್ಲ, ಯಾಕಂದ್ರೆ ಅವರ ಮನೆ ಖರ್ಚಿನ ಅರ್ಧ ಗೊತ್ತಿಲ್ಲದ ನಂಬರಿಂದಲೇ ಬರೋದು. ಬೆಂಗಳೂರಿಂದ, ಹುಬ್ಬಳ್ಳಿಯಿಂದ, ಪುಣೆಯಿಂದ ಯಾರೋ ಫೋನ್ ಮಾಡಿ ಶನಿವಾರ ರೂಮ್ ಇದ್ಯಾ ಕೇಳ್ತಾರೆ, ಆ ಫೋನ್ ಎತ್ತದಿದ್ರೆ ಅವರು ಮುಂದಿನ ಹೋಮ್‌ಸ್ಟೇಗೆ ಹೋಗ್ತಾರೆ ಅಷ್ಟೇ. ಹಂಗಾಗಿ ಸ್ಪ್ಯಾಮ್ ಕಾಲ್ ಬಗ್ಗೆ ಸಿಗೋ ಸಲಹೆ ಎಲ್ಲ ಸಂಬಳದ ಕೆಲ್ಸದವರಿಗೆ ಬರ್ದಿದ್ದು, ಅಂಗಡಿ ಇಟ್ಟವರಿಗೆ, ರಿಕ್ಷಾ ಓಡಿಸೋರಿಗೆ, ರೂಮ್ ಬಾಡಿಗೆ ಕೊಡೋರಿಗೆ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಭಾವನ ಫೋನು ಸರಿ ಮಾಡೋಕೆ ಹೋಗಿ ನೋಡಿದ್ದನ್ನ ಪೂರ್ತಿ ಬರೀತಿದ್ದೀನಿ, ಬೇರೆಯವರಿಗೂ ಬೇಕಾಗ್ಬಹುದು.

ಅವರ ಮನೆ ಇರೋದು ಮಿರ್ಜಾನ್ ದಾಟಿ ಗೋಕರ್ಣ ಕಡೆ ಹೋಗೋ ರಸ್ತೆಯಿಂದ ಒಳಗೆ. ಮುಂದೆ ಬಾಡಿಗೆಗೆ ಕೊಡೋ ರೂಮು, ಹಿಂದೆ ತಗ್ಗಿನಲ್ಲಿ ಅಡಿಕೆ ತೋಟ. ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಮನೆ ಒಳಗೆ ಬಂದ್ರೆ ಬಂತು ಇಲ್ದಿದ್ರೆ ಇಲ್ಲ, ಸರಿಯಾಗಿ ಸಿಗೋದು ಹೊರಗಿನ ಜಗಲಿ ಕಿಟಕಿ ಹತ್ರ ಮಾತ್ರ. ಹಂಗಾಗಿ ಫೋನು ಯಾವಾಗ್ಲೂ ಆ ಕಿಟಕಿಯಲ್ಲೇ ಇರ್ತದೆ, ರಿಂಗ್ ಆದ್ರೆ ಅಕ್ಕ ಹಿತ್ಲಿಗೆ ಹೋಗಿ ಕೂಗ್ತಾಳೆ, ಭಾವ ಕೆಲ್ಸ ಬಿಟ್ಟು ಮೆಟ್ಲು ಹತ್ತಿ ಬರ್ತಾರೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯೋ ದಿನ, ಕೈತುಂಬ ಬೋರ್ಡೋ ದ್ರಾವಣ, ಕೂಗು ಕೇಳಿ ಓಡಿ ಬಂದು ಕೈ ಒರೆಸ್ಕೊಂಡು ಎತ್ತಿದ್ರೆ ಆ ಕಡೆಯಿಂದ ಹಿಂದಿಯಲ್ಲಿ ರೆಕಾರ್ಡ್ ಮಾಡಿದ ಹುಡುಗಿ ದನಿ, ನಿಮಗೆ ಐದು ಲಕ್ಷದ ಪರ್ಸನಲ್ ಲೋನ್ ಪ್ರಿ ಅಪ್ರೂವ್ಡ್ ಆಗಿದೆ, ಒಂದು ಒತ್ತಿ. ಪೇಟೆಯವರಿಗೆ ಸ್ಪ್ಯಾಮ್ ಕಾಲ್ ಅಂದ್ರೆ ಒಂದು ಸಲ ಬೆರಳು ಜಾರಿಸೋ ಕೆಲಸ, ಇವರಿಗೆ ಪ್ರತಿ ಕಾಲಿಗೂ ಒಂದು ಗುಡ್ಡ ಹತ್ತೋ ಕೆಲಸ. "ಈ ಫೋನ್ ಒಂದಿನ ಹೊಳೆಗೆ ಒಗಿತೆ ನೋಡು" ಅಂತ ಭಾವ ಹೇಳ್ತಿದ್ದಿದ್ದು ತಮಾಷೆಗಲ್ಲ.

ಕೊನೆಗೆ ಬೇಜಾರು ಬಂದು ಹೆಸರು ಬಾರದ ನಂಬರ್ ಎತ್ತೋದೇ ಬಿಟ್ರು. ಆವಾಗ ಆಗಿದ್ದು ಇನ್ನೂ ದೊಡ್ಡ ನಷ್ಟ. ರೂಮ್ ಬುಕ್ ಮಾಡಿದ್ದ ಒಂದು ಸಂಸಾರ ಗೋಕರ್ಣ ರೋಡ್ ಸ್ಟೇಷನ್ನಲ್ಲಿ ರೈಲು ಇಳಿದು, ಅವರ ಫೋನ್ ಚಾರ್ಜ್ ಇಲ್ದೆ ರಿಕ್ಷಾದವನ ಫೋನಿಂದ ಕಾಲ್ ಮಾಡ್ತಾ ಇದ್ದಾರೆ, ಇಲ್ಲಿ ಇವರು ಎತ್ತುತ್ತಾ ಇಲ್ಲ. ಅವರು ಬೇರೆ ಕಡೆ ಹೋಗಿ ಉಳಿದ್ರು, ಮೇಲಿಂದ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಫೋನೇ ಎತ್ತಲ್ಲ ಅಂತ ಬರ್ದ್ರು. ಮರ ಹತ್ತಿ ಅಡಿಕೆ ಕೊನೆ ಕೊಯ್ಯೋಕೆ ಬರೋ ಕೊನೆಗೌಡನೂ ಅಷ್ಟೇ, ಅವನಿಗೆ ಖಾಯಂ ನಂಬರ್ ಅನ್ನೋದಿಲ್ಲ, ಯಾರ ಫೋನ್ ಕೈಗೆ ಸಿಕ್ತೋ ಅದರಿಂದ ಮಾಡ್ತಾನೆ. ಕರೆಂಟ್ ಹೋದಾಗ ಹೆಸ್ಕಾಂ ಲೈನ್‌ಮ್ಯಾನ್ ವಾಪಸ್ ಮಾಡಿದ ಕಾಲ್ ಕೂಡ ಹಿಂಗೇ ತಪ್ಪಿಹೋಯ್ತು. ಅಕ್ಕ ನಂಗೆ ಫೋನ್ ಮಾಡಿದ್ದು ಆಮೇಲೆ.

ನಾನು ಮೊದ್ಲು ಯಾವ ಸೆಟ್ಟಿಂಗೂ ಮುಟ್ಟಿಲ್ಲ. ಜಗಲಿಲಿ ಕೂತು ಕಾಲ್ ಲಾಗ್ ತೆಗೆದು, ಒಂದು ಹಳೇ ಕ್ಯಾಲೆಂಡರ್ ಹಿಂದೆ ಗೆರೆ ಎಳೆದು ಯಾವ ಥರದ ನಂಬರಿಂದ ಬಂದಿದೆ, ಎಂತ ಕೇಳಿದ್ರು ಅಂತ ಇಬ್ರೂ ಸೇರಿ ಬರ್ದ್ವಿ. ಇದನ್ನ ಮಾಡದೆ ಮುಂದೆ ಹೋಗ್ಬೇಡಿ ಅಂತ ಯಾರಿಗಾದ್ರೂ ಹೇಳ್ತೀನಿ, ಯಾಕಂದ್ರೆ ಒಂದೊಂದು ಥರದ ಕಾಲಿಗೆ ಒಂದೊಂದು ಮದ್ದು. 140ರಿಂದ ಶುರು ಆಗೋ ನಂಬರ್ ಅಂದ್ರೆ ರಿಜಿಸ್ಟರ್ ಮಾಡಿಸ್ಕೊಂಡ ಟೆಲಿಮಾರ್ಕೆಟಿಂಗ್ ಕಂಪ್ನಿಯವರ ಜಾಹೀರಾತು ಕಾಲ್. 1600ರಿಂದ ಶುರು ಆಗೋದು ಬ್ಯಾಂಕು, ಇನ್ಶೂರೆನ್ಸ್ ಥರದವರು ತಮ್ಮ ಗ್ರಾಹಕರಿಗೆ ಸೇವೆ ವಿಷಯಕ್ಕೆ ಮಾಡೋ ಕಾಲಿಗೆ ಅಂತ ಇಟ್ಟಿದ್ದು. ಉಳಿದಿದ್ದು ನಮ್ಮ ನಿಮ್ಮ ಥರದ ಮಾಮೂಲಿ ಹತ್ತು ಅಂಕೆ ಮೊಬೈಲ್ ನಂಬರು, ಅದರಿಂದ ಮಾರ್ಕೆಟಿಂಗ್ ಮಾಡೋ ಹಾಗೇ ಇಲ್ಲ, ಆದ್ರೆ ನಮ್ಮ ಪಟ್ಟಿಯಲ್ಲಿ ಜಾಸ್ತಿ ಇದ್ದಿದ್ದು ಅದೇ. ಲೋನಿನವರು, ಧಾರವಾಡ ಹತ್ರ ಪ್ಲಾಟ್ ಇದೆ ಅನ್ನೋರು, ಶೇರ್ ಟಿಪ್ಸ್ ಕೊಡ್ತೀವಿ ಅನ್ನೋರು, ಮತ್ತೆ ಹೋಮ್‌ಸ್ಟೇಯವರಿಗೇ ಸ್ಪೆಷಲ್ ಆಗಿ ನಿಮ್ಮನ್ನ ಗೂಗಲ್‌ನಲ್ಲಿ ಫಸ್ಟ್ ತರ್ತೀವಿ ಅನ್ನೋರು. ಇವರಲ್ಲಿ ಕೆಲವರು ನಿಮ್ಮ ಗೂಗಲ್ ಲಿಸ್ಟಿಂಗ್ ಈ ತಿಂಗ್ಳು ಎಕ್ಸ್‌ಪೈರ್ ಆಗ್ತದೆ ಅಂತ ಹೆದರ್ಸ್ತಾರೆ. ಗೂಗಲ್ ಮ್ಯಾಪಲ್ಲಿ ಬಿಸಿನೆಸ್ ಪ್ರೊಫೈಲ್ ಇಡೋಕೆ ದುಡ್ಡೇ ಇಲ್ಲ, ಎಕ್ಸ್‌ಪೈರ್ ಎಲ್ಲಿಂದ ಆಗ್ತದೆ.

ಆಮೇಲೆ ಡಿಎನ್‌ಡಿ, ಅಂದ್ರೆ ಜಾಹೀರಾತು ಕಾಲ್, ಮೆಸೇಜ್ ನಂಗೆ ಬೇಡ ಅಂತ ನಂಬರ್ ನೋಂದಾಯಿಸೋದು. ಭಾವ ಅದು ಹಾಕಿದ್ರೆ ಬ್ಯಾಂಕಿನ ಓಟಿಪಿ ಬರಲ್ಲ ಅಂತ ಇಷ್ಟು ವರ್ಷ ಹಾಕಿರ್ಲಿಲ್ಲ. ಹಂಗೇನಿಲ್ಲ, ನಿಲ್ಲೋದು ಜಾಹೀರಾತು ಮಾತ್ರ, ಓಟಿಪಿ, ಖಾತೆಯಿಂದ ದುಡ್ಡು ಹೋದ ಮೆಸೇಜು, ರೈಲು ಟಿಕೆಟ್ ಮೆಸೇಜು ಎಲ್ಲ ಬರ್ತದೆ. 1909ಕ್ಕೆ ಕಾಲ್ ಮಾಡಿ ಹೇಳಬಹುದು, ಇಲ್ಲಾಂದ್ರೆ ಇಂಗ್ಲಿಷಲ್ಲಿ ಸ್ಟಾರ್ಟ್ ಅಂತ ಬರ್ದು ಒಂದು ಸ್ಪೇಸ್ ಬಿಟ್ಟು ಸೊನ್ನೆ ಹಾಕಿ ಅದೇ 1909ಕ್ಕೆ ಮೆಸೇಜ್ ಕಳ್ಸಿದ್ರೆ ಎಲ್ಲ ಥರದ ಜಾಹೀರಾತೂ ಬಂದ್. ಪೂರ್ತಿ ಬೇಡ ಅಂದ್ರೆ ಬ್ಯಾಂಕಿಂಗ್, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ ಹಿಂಗೆ ಬೇರೆ ಬೇರೆ ವಿಭಾಗ ಆರಿಸ್ಕೊಂಡು ನಿಲ್ಲಿಸಬಹುದು. ಪಟ್ಟಿಯಲ್ಲಿ ಟೂರಿಸಂ ಅನ್ನೋದೂ ಇತ್ತು, ಅದನ್ನ ನೋಡಿ ಭಾವ "ಅದೊಂದು ಬಿಟ್ಹಾಕು ಮಾರಾಯ, ಗಿರಾಕಿ ನಿಂತ್ಹೋದ್ರೆ?" ಅಂದ್ರು. ಅದು ನಿಮಗೆ ಸಿಂಗಾಪುರ ಟೂರ್ ಮಾರೋರನ್ನ ನಿಲ್ಲಿಸೋದು ಭಾವ, ನಿಮ್ಮನೆಗೆ ಬರೋರನ್ನಲ್ಲ ಅಂತ ಹೇಳಿ ಎಲ್ಲನೂ ಬಂದ್ ಮಾಡ್ಸಿದ್ವಿ. ಕೆಲವೇ ದಿನದಲ್ಲಿ 140ರ ಕಾಲ್ ಹೆಚ್ಚುಕಮ್ಮಿ ನಿಂತ್ವು. ಹತ್ತು ಅಂಕೆಯವರು ಮಾತ್ರ ಜಪ್ಪಯ್ಯ ಅಂದ್ರೂ ನಿಲ್ಲಿಲ್ಲ, ಅವರು ಡಿಎನ್‌ಡಿ ಪಟ್ಟಿ ನೋಡಿ ಕಾಲ್ ಮಾಡೋರೇ ಅಲ್ಲವಲ್ಲ.

ಅಂಥವರಿಗೆ ಬ್ಲಾಕ್ ಮಾಡೋದ್ರಲ್ಲಿ ಎಂತದೂ ಹುರುಳಿಲ್ಲ, ನಾಳೆ ಬೇರೆ ನಂಬರ್. ಕಂಪ್ಲೇಂಟೇ ಕೊಡ್ಬೇಕು. ಟೆಲಿಕಾಂ ಕಂಪ್ನಿಗಳಿಗೆ ನಿಯಮ ಮಾಡೋ ಸರ್ಕಾರಿ ಸಂಸ್ಥೆ ಟ್ರಾಯ್, ಅವರ ಸ್ಪ್ಯಾಮ್ ಕಾಲಿನ 2018ರ ನಿಯಮಕ್ಕೆ 2025ರ ಫೆಬ್ರವರಿಯಲ್ಲಿ ತಿದ್ದುಪಡಿ ಬಂತು, ಅದರಿಂದ ಎರಡು ಮೂರು ವಿಷಯ ನಮ್ಮಂಥವರಿಗೆ ಅನುಕೂಲ ಆಗಿದೆ. ಮುಂಚೆ ಕಾಲ್ ಬಂದ ಮೂರು ದಿನದೊಳಗೆ ದೂರು ಕೊಡ್ಬೇಕಿತ್ತು, ಈಗ ಏಳು ದಿನ. ರಿಜಿಸ್ಟರ್ ಆಗದವರ ಮೇಲೆ ದೂರು ಕೊಡೋಕೆ ನೀವು ಡಿಎನ್‌ಡಿ ಹಾಕಿರ್ಲೇಬೇಕು ಅಂತಲೂ ಇಲ್ಲ. ಅಂಥ ದೂರಿನ ಮೇಲೆ ಟೆಲಿಕಾಂ ಕಂಪ್ನಿಯವರು ಕ್ರಮ ತಗೊಳ್ಳೋಕೆ ಮುಂಚೆ ಮೂವತ್ತು ದಿನ ಇತ್ತು, ಈಗ ಐದು. ಇನ್ನೊಂದು ಮುಖ್ಯ ವಿಷಯ, ಒಂದೇ ನಂಬರಿನ ಮೇಲೆ ಹತ್ತು ದಿನದೊಳಗೆ ಐದು ದೂರು ಬಂದ್ರೆ ಸಾಕು ಕ್ರಮ ಶುರು, ಮುಂಚೆ ಏಳು ದಿನದೊಳಗೆ ಹತ್ತು ದೂರು ಬೇಕಿತ್ತು. ಮೊದಲ ಸಲ ಸಿಕ್ಕಿಬಿದ್ರೆ ಹದಿನೈದು ದಿನ ಔಟ್‌ಗೋಯಿಂಗ್ ಬಂದ್, ಮತ್ತೆ ಮಾಡಿದ್ರೆ ಅವರ ಹೆಸರಲ್ಲಿರೋ ಎಲ್ಲ ಕನೆಕ್ಷನ್ ಒಂದು ವರ್ಷ ಕಟ್. ಅಂದ್ರೆ ನಿಮ್ಮೊಬ್ರ ದೂರಿಂದ ಎಂತದೂ ಆಗ್ಲಿಲ್ಲ ಅನ್ನಿಸಿದ್ರೂ ಅದು ಐದರಲ್ಲಿ ಒಂದು.

ದೂರು ಕೊಡೋದು ಕಷ್ಟ ಇಲ್ಲ, ಆದ್ರೆ ಮೆಸೇಜಲ್ಲಿ ಕಳಿಸೋರು ಕ್ರಮ ತಪ್ಪಬಾರದು: ಎಂತಕ್ಕೆ ಕಾಲ್ ಮಾಡಿದ್ರು ಅಂತ ಸಣ್ಣದಾಗಿ, ಕಾಮಾ, ಕಾಲ್ ಮಾಡಿದ ನಂಬರ್, ಕಾಮಾ, ದಿನಾಂಕ, 1909ಕ್ಕೆ. ಭಾವನಿಗೆ ಈ ಕಾಮಾ ಹುಡುಕೋದೇ ದೊಡ್ಡ ಕೆಲಸ ಆದ್ದರಿಂದ ಟ್ರಾಯ್‌ನವರ ಡಿಎನ್‌ಡಿ ಆಪ್ ಹಾಕಿಕೊಟ್ಟೆ, ಅದ್ರಲ್ಲಿ ಕಾಲ್ ಲಾಗಿಂದ ನಂಬರ್ ಆರಿಸಿ ಒತ್ತಿದ್ರೆ ಸಾಕು. ರಾತ್ರಿ ಊಟ ಆದ್ಮೇಲೆ ಅಕ್ಕ ಜಗಲಿಗೆ ಬಂದು ಅವತ್ತಿನದೆಲ್ಲ ಹಾಕಿಬಿಡ್ತಾಳೆ, ಧಾರಾವಾಹಿ ಜಾಹೀರಾತಿನ ಹೊತ್ತಲ್ಲಿ ಮುಗಿಯೋ ಕೆಲಸ.

ಹಿಂಗೆ ದೂರು ಹೋಗ್ತಾ ಇರ್ಬೇಕಾದ್ರೆ ಒಂದು ಫೋನ್ ಬಂತು, ಅದನ್ನ ಬರೀದೆ ಇರೋಕಾಗಲ್ಲ. ಧಾರವಾಡ ಕಡೆ ಮಾತು, ಸಣ್ಣ ಹುಡುಗ. "ಸರ್ರ, ನೀವು ನನ್ನ ನಂಬರ್ ಮ್ಯಾಲ ಕಂಪ್ಲೇಂಟ್ ಕೊಟ್ಟೀರಂತಲ್ರಿ, ಔಟ್‌ಗೋಯಿಂಗ್ ಬಂದಾಗೇತ್ರಿ, ಅದು ನನ್ನ ಸ್ವಂತ ಸಿಮ್ ರೀ, ಮನ್ಯಾಗ ಅವ್ವಗೂ ಫೋನ್ ಹಚ್ಚಾಕ ಆಗವಲ್ದು" ಅಂತ ಗೆಳೆಯನ ಫೋನಿಂದ ಮಾಡಿದ್ದ. ಲೋನ್ ಮಾರೋ ಕೆಲಸಕ್ಕೆ ಸೇರಿದ್ದಾನೆ, ಆಫೀಸಿನವರು ಸಿಮ್ ಕೊಟ್ಟಿಲ್ಲ, ನಂಬರಿನ ಪಟ್ಟಿ ಮಾತ್ರ ಕೊಟ್ಟು ನಿನ್ನ ಫೋನಿಂದಲೇ ಮಾಡು ಅಂದಿದ್ದಾರೆ. ಅಕ್ಕ ಪಕ್ಕದಲ್ಲಿ ಕೇಳ್ತಾ ಇದ್ದವಳು ಪಾಪ ಬಿಡಿ ಅಂದ್ಳು. ಭಾವ ಅವನಿಗೆ ಬೈಲಿಲ್ಲ, ಹದಿನೈದು ದಿನಕ್ಕೆ ವಾಪಸ್ ಬರ್ತದೆ, ಅಷ್ಟರಲ್ಲಿ ಬೇರೆ ಕೆಲಸ ನೋಡು ತಮ್ಮಾ, ಎರಡನೇ ಸಲ ಆದ್ರೆ ವರ್ಷ ಹೋಗ್ತದೆ ಅಂದ್ರು. ನಂಗೆ ಇದ್ರಲ್ಲಿ ಸಿಟ್ಟು ಬರೋದು ಆ ಹುಡುಗನ ಮೇಲಲ್ಲ. ಕಮಿಷನ್ ಆಫೀಸಿನವರಿಗೆ, ಶಿಕ್ಷೆ ಹುಡುಗನ ಸಿಮ್ಮಿಗೆ, ಇದು ಯಾವ ನ್ಯಾಯ. ಹಂಗಂತ ದೂರು ಕೊಡೋದು ನಿಲ್ಲಿಸಿದ್ರೆ ಆಫೀಸಿನವರು ಇನ್ನೂ ನಾಲ್ಕು ಹುಡುಗರನ್ನ ತಗೋತಾರೆ, ಹಾಗಾಗಿ ಅಕ್ಕನ ರಾತ್ರಿ ಕೆಲಸ ಮುಂದುವರೀತು. ಅಂಥ ಕಾಲಲ್ಲಿ ಯಾವ ಕಂಪ್ನಿ ಪರವಾಗಿ ಮಾಡ್ತಿದ್ದೀರಿ ಅಂತ ಕೇಳಿ ಆ ಹೆಸರನ್ನೂ ದೂರಿನಲ್ಲಿ ಬರೀರಿ ಅಂತ ಮಾತ್ರ ಹೇಳ್ದೆ.

ಇನ್ನೊಂದು ಕಡೆ ದೂರು ತಿರುಗಿ ಬಂತು. ಒಂದು ಲೋನ್ ಕಂಪ್ನಿ ಮೇಲೆ ಕೊಟ್ಟಿದ್ದಕ್ಕೆ ಗ್ರಾಹಕರ ಒಪ್ಪಿಗೆ ಇದೆ ಅಂತ ಉತ್ತರ. ಭಾವ ನಾ ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ ಅಂತ ಹಾರಾಡಿದ್ರು, ಆದ್ರೆ ಅವರ ಇಮೇಲ್ ಹುಡುಕಿದಾಗ ಸಿಕ್ತು. ಎರಡು ವರ್ಷದ ಹಿಂದೆ ರೂಮಿನ ಮಾಡಿಗೆ ಶೀಟ್ ಹಾಕ್ಸೋಕೆ ಅಂತ ಲೋನಿನ ಬಡ್ಡಿ ಹೋಲಿಸಿ ತೋರ್ಸೋ ಒಂದು ಆಪಲ್ಲಿ ನಂಬರ್ ಹಾಕಿದ್ರು, ಅಲ್ಲಿ ಟಿಕ್ ಮಾಡೋ ಜಾಗದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ನನ್ನ ನಂಬರ್ ಡಿಎನ್‌ಡಿಯಲ್ಲಿದ್ರೂ ನಮ್ಮ ಪಾಲುದಾರ ಕಂಪ್ನಿಗಳು ಕಾಲ್ ಮಾಡ್ಬಹುದು ಅಂತ ಇತ್ತು. ಡಿಎನ್‌ಡಿಗಿಂತ ನೀವೇ ಕೊಟ್ಟ ಒಪ್ಪಿಗೆ ಮೇಲೆ, ಅದು ನಿಯಮದಲ್ಲೇ ಇದೆ. ಆ ಆಪಲ್ಲಿ ಖಾತೆ ಡಿಲೀಟ್ ಮಾಡ್ಸಿ, ಒಪ್ಪಿಗೆ ವಾಪಸ್ ತಗೊಂಡಿದ್ದೀನಿ, ನನ್ನ ಮಾಹಿತಿ ತೆಗೆದುಹಾಕಿ ಅಂತ ಅವರ ದೂರು ವಿಭಾಗಕ್ಕೆ ಇಮೇಲ್ ಕಳ್ಸಿದ್ವಿ. ಒಮ್ಮೆ ಬೇಡ ಅಂದವರ ಹತ್ರ ತೊಂಬತ್ತು ದಿನ ಮತ್ತೆ ಒಪ್ಪಿಗೆ ಕೇಳೋ ಹಾಗಿಲ್ಲ ಅಂತಲೂ 2025ರ ತಿದ್ದುಪಡಿಯಲ್ಲಿದೆ. ಲೋನ್ ಕಾಲ್ ನಿಜವಾಗಿ ಇಳಿದಿದ್ದು ಈ ಇಮೇಲ್ ಆದ್ಮೇಲೆ.

ಇಷ್ಟೆಲ್ಲ ಮಾಡಿದ್ರೂ ಮೂಲ ಸಮಸ್ಯೆ ಹಂಗೇ ಇತ್ತು. ರಸ್ತೆ ಬದಿ ಬೋರ್ಡಲ್ಲಿ, ಗೂಗಲ್ ಮ್ಯಾಪಲ್ಲಿ, ಬುಕಿಂಗ್ ಸೈಟಲ್ಲಿ ಎಲ್ಲ ಕಡೆ ಇರೋ ನಂಬರ್ ಇದೇ, ಬ್ಯಾಂಕಿಗೆ ಆಧಾರಿಗೆ ಕೊಟ್ಟಿದ್ದೂ ಇದೇ, ಸೊಸೈಟಿಯಲ್ಲಿ ಇರೋದೂ ಇದೇ. ಊರಿಗೆಲ್ಲ ಗೊತ್ತಿರೋ ನಂಬರಿಗೆ ದುಡ್ಡಿನ ಓಟಿಪಿ ಬರ್ತದೆ. ಇದನ್ನ ಬೇರೆ ಮಾಡ್ಬೇಕು ಅಂತ ತೀರ್ಮಾನ ಆಯ್ತು, ಆದ್ರೆ ಯಾವುದನ್ನ ಬದಲಿಸೋದು ಅಂತ ಮನೇಲಿ ಚರ್ಚೆ. ಭಾವ ಹೊಸ ಸಿಮ್ ತಗೊಂಡು ಅದನ್ನೇ ಬೋರ್ಡಿಗೆ ಹಾಕೋಣ ಅಂದ್ರು. ನಾನು ಬೇಡ ಅಂದೆ, ಹಳೇ ಗಿರಾಕಿಗಳೆಲ್ಲ ಹಳೇ ನಂಬರ್ ಸೇವ್ ಮಾಡ್ಕೊಂಡಿದ್ದಾರೆ, ಪ್ರತಿ ವರ್ಷ ಶಿವರಾತ್ರಿಗೆ ಬರೋರು ಅದಕ್ಕೇ ಮಾಡ್ತಾರೆ. ಹಳೇದು ಧಂದೆಗೆ ಇರಲಿ, ಬ್ಯಾಂಕು ಆಧಾರ್ ಮನೆಯವರು ಹೊಸದಕ್ಕೆ ಹೋಗ್ಲಿ ಅಂತ ಆಯ್ತು. ಅವರ ಕಡೆ ಒಂದೇ ಕಂಪ್ನಿ ಸಿಗ್ನಲ್ ಸರಿ ಇರೋದ್ರಿಂದ ಹೊಸ ಸಿಮ್ಮೂ ಅದೇ ಕಂಪ್ನಿದು. ಬ್ಯಾಂಕಿಗೆ ಕುಮಟಾಕ್ಕೆ ಹೋಗಿ ಫಾರ್ಮ್ ತುಂಬಿ, ಆಧಾರ್ ಕೇಂದ್ರದಲ್ಲಿ ಕೂತು, ಪ್ಯಾನಿಗೆ, ಗ್ಯಾಸಿಗೆ ಒಂದೊಂದಾಗಿ ಬದಲಿಸೋದು ತಲೆನೋವಿನ ಕೆಲಸ, ಮಳೆಗಾಲ ಆದ್ದರಿಂದ ಗಿರಾಕಿ ಇರ್ಲಿಲ್ಲ, ಪುರಸೊತ್ತಿತ್ತು, ಸೀಸನ್ನಲ್ಲಿ ಆಗೋ ಕೆಲಸ ಅಲ್ಲ.

ಇದ್ರ ಲಾಭ ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ. ಹಳೇ ನಂಬರ್ ಈಗ ಬ್ಯಾಂಕಿಗೆ ಗೊತ್ತೇ ಇಲ್ಲ. ಹಾಗಾಗಿ ಹಳೇ ನಂಬರಿಗೆ ಯಾರಾದ್ರೂ ಫೋನ್ ಮಾಡಿ ಬ್ಯಾಂಕಿಂದ ಮಾತಾಡ್ತಿದ್ದೀನಿ, ಕೆವೈಸಿ ಅವಧಿ ಮುಗಿದಿದೆ, ಕಾರ್ಡ್ ಬ್ಲಾಕ್ ಆಗ್ತದೆ ಅಂದ್ರೆ ಯೋಚನೆ ಮಾಡೋದೇ ಬೇಡ, ಅದು ಸುಳ್ಳು. ದನಿ ಎಷ್ಟು ಗಂಭೀರ ಇರ್ಲಿ, ಭಾವನ ಪೂರ್ತಿ ಹೆಸರು ಹೇಳ್ಲಿ, ಸುಳ್ಳೇ. ವಯಸ್ಸಾದವರಿಗೆ ನಿಜದ ಕಾಲ್ ಯಾವ್ದು ಮೋಸದ್ದು ಯಾವ್ದು ಅಂತ ಹತ್ತು ಲಕ್ಷಣ ಕಲಿಸೋಕಿಂತ ಇದು ಸುಲಭ. ಎರಡು ಸಿಮ್ಮಿಗೂ ಬೇರೆ ಬೇರೆ ರಿಂಗ್‌ಟೋನ್ ಇಟ್ಟಿದ್ದೀವಿ, ಹೊಸದಕ್ಕೆ ಗಂಟೆ ಸದ್ದು, ಅದು ಕೇಳಿದ್ರೆ ಮಾತ್ರ ಭಾವ ತೋಟದಿಂದ ಮೇಲೆ ಬರ್ತಾರೆ.

ಹಳೇ ನಂಬರ್ ಎತ್ತೋದು ಅಕ್ಕ. ಅವಳು ಹಲೋನೇ ಅನ್ನಲ್ಲ, ಎತ್ತಿದ ಕೂಡ್ಲೇ "ಯಾವ ದಿನಕ್ಕೆ ರೂಮು ಬೇಕಾಗಿತ್ತು?" ಅಂತಾಳೆ. ನಿಜವಾದ ಗಿರಾಕಿ ತಕ್ಷಣ ದಿನ ಹೇಳ್ತಾರೆ. ಕೊನೆಗೌಡ ನಗ್ತಾನೆ. ಮಾರೋಕೆ ಕೂತವರು ಸರ್ ಜೊತೆ ಮಾತಾಡ್ತಿದ್ದೀನಾ ಮೇಡಂ ಅಂತ ತಡವರಿಸ್ತಾರೆ, ಅಕ್ಕ ಬೇಡ ಅಂತ ಇಟ್ಟುಬಿಡ್ತಾಳೆ, ರೆಕಾರ್ಡ್ ದನಿ ಆದ್ರೆ ಅವಳ ಪ್ರಶ್ನೆ ಮೇಲೇ ಮಾತಾಡ್ತಾ ಹೋಗ್ತದೆ, ಅದೂ ಗೊತ್ತಾಗ್ತದೆ. ಇಷ್ಟು ಚೆನ್ನಾಗಿ ಕೆಲಸ ಮಾಡೋ ಸಾಫ್ಟ್‌ವೇರ್ ನಾನಂತೂ ನೋಡಿಲ್ಲ. ಕಾಲ್ ಮಾಡಿದವರ ಹೆಸರು ತೋರ್ಸೋ ಆಪ್ ಹಾಕೋ ಅಂತ ಅಳಿಯ ಒತ್ತಾಯ ಮಾಡ್ತಿದ್ದ, ಆದ್ರೆ ಅಂಥ ಆಪ್‌ಗಳು ನಮ್ಮ ಕಾಂಟ್ಯಾಕ್ಟ್ ಪಟ್ಟಿ ಕೇಳ್ತಾವೆ, ಅದ್ರಲ್ಲಿ ಗಿರಾಕಿಗಳ ನಂಬರೆಲ್ಲ ಇದೆ, ಬೇಡ ಅಂದೆ. ಈಗ ಕೆಲವು ಟೆಲಿಕಾಂ ಕಂಪ್ನಿಯವರೇ ಸ್ಪ್ಯಾಮ್ ಇರ್ಬಹುದು ಅಂತ ಪರದೆ ಮೇಲೆ ತೋರಿಸ್ತಾರೆ, ಏರ್‌ಟೆಲ್ ಇದನ್ನ 2024ರ ಸೆಪ್ಟೆಂಬರಲ್ಲಿ ಶುರು ಮಾಡ್ತು. ಅಂಥದ್ದು ನೋಡ್ಕೋಬಹುದು, ಆದ್ರೆ ಹೋಮ್‌ಸ್ಟೇಯವರು ಅದನ್ನ ನಂಬಿ ಎತ್ತದೆ ಬಿಡೋಕಾಗಲ್ಲ, ದಿನಕ್ಕೆ ಐವತ್ತು ಕಾಲ್ ಮಾಡೋ ಟ್ರಾವೆಲ್ಸ್ ಏಜೆಂಟ್ ನಂಬರಿಗೂ ಅದೇ ಹಣೆಪಟ್ಟಿ ಬಿದ್ದಿರ್ಬಹುದು.

ಮಾರೋರ ಕತೆ ಒಂದಾದ್ರೆ ಕದಿಯೋರ ಕತೆ ಬೇರೆ, ಇವೆರಡನ್ನ ಕಲಸಬಾರದು. ಟ್ರಾಯ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ನಂಬರ್ ಎರಡು ಗಂಟೇಲಿ ಬಂದ್ ಆಗ್ತದೆ, ಒಂಬತ್ತು ಒತ್ತಿ ಅಂತ ಅಕ್ಕನಿಗೂ ಬಂದಿತ್ತು. ಟ್ರಾಯ್ ಹಾಗೆ ಯಾರಿಗೂ ಫೋನ್ ಮಾಡಲ್ಲ. ಹೋಮ್‌ಸ್ಟೇಯವರಿಗೆ ಬರೋ ಇನ್ನೊಂದು ಮೋಸ ಅಂದ್ರೆ ಮಿಲಿಟರಿಯವರು ಅಂತ ಹೇಳ್ಕೊಂಡು ನಾಲ್ಕು ರೂಮ್ ಮೂರು ದಿನಕ್ಕೆ ಬೇಕು ಅಂತಾರೆ, ಅಡ್ವಾನ್ಸ್ ಕಳಿಸ್ತೀನಿ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತಾರೆ. ಕಾರವಾರದಲ್ಲಿ ನೌಕಾನೆಲೆ ಇರೋದ್ರಿಂದ ನಮ್ಮ ಕಡೆಯವರು ಇದನ್ನ ಬೇಗ ನಂಬ್ತಾರೆ. ದುಡ್ಡು ತಗೊಳ್ಳೋಕೆ ಪಿನ್ ಬೇಡವೇ ಬೇಡ, ಪಿನ್ ಹಾಕಿದ್ರೆ ಹೋಗೋದು ನಮ್ಮ ದುಡ್ಡು. ಇಂಥ ಕಾಲ್‌ಗಳನ್ನ 1909ಕ್ಕಲ್ಲ, ಸಂಚಾರ್ ಸಾಥಿ ಅನ್ನೋ ಸರ್ಕಾರಿ ವೆಬ್‌ಸೈಟಿನ ಚಕ್ಷು ವಿಭಾಗಕ್ಕೆ ಹಾಕ್ಬೇಕು, ದುಡ್ಡು ಹೋಗಿಯೇ ಬಿಟ್ಟಿದ್ರೆ ಒಂದು ನಿಮಿಷವೂ ತಡ ಮಾಡ್ದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು. ಸಂಚಾರ್ ಸಾಥಿಗೆ ಹೋದವರು ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತಲೂ ನೋಡ್ಬಿಡಿ. ಭಾವನ ಹೆಸರಲ್ಲಿ ಅವರಿಗೇ ಮರೆತುಹೋದ ಒಂದು ಸಿಮ್ ಇತ್ತು, ಮನೆ ಕಟ್ಟೋವಾಗ ಮೇಸ್ತ್ರಿಗೆ ತೆಗೆಸಿಕೊಟ್ಟಿದ್ದಂತೆ. ಬೇಡ ಅಂತ ಅಲ್ಲೇ ಒತ್ತಿ ಬಂದ್ ಮಾಡೋಕೆ ಹಾಕಿದ್ವಿ.

ಅಕ್ಟೋಬರಲ್ಲಿ ಸೀಸನ್ ಶುರು ಆದ್ಮೇಲೆ ಪರಿಸ್ಥಿತಿ ಹಿಂಗಿದೆ. ಲೋನು, ಕ್ರೆಡಿಟ್ ಕಾರ್ಡು, ಇನ್ಶೂರೆನ್ಸ್ ಬಹಳ ಕಮ್ಮಿ. ಪ್ಲಾಟಿನವರು ಅಪರೂಪ. ಗೂಗಲ್‌ನಲ್ಲಿ ಫಸ್ಟ್ ತರೋರು ಮಾತ್ರ ಹಂಗೇ ಇದ್ದಾರೆ, ಅವರು ಮ್ಯಾಪ್ ನೋಡ್ಕೊಂಡೇ ನಂಬರ್ ಎತ್ಕೊಳ್ಳೋದು, ನಂಬರ್ ಅಲ್ಲಿ ಇರೋವರೆಗೆ ಅವರು ಇರ್ತಾರೆ. ಹೊಸ ಸಿಮ್ಮಿಗೆ ಇವತ್ತಿನವರೆಗೆ ಮಾರೋರ ಕಾಲ್ ಬಂದಿಲ್ಲ, ಅಂಗಡಿಲಿ ಬಿಲ್ ಮಾಡೋವಾಗ ಮೊಬೈಲ್ ನಂಬರ್ ಹೇಳಿ ಅಂದ್ರೆ ಭಾವ ಹಳೇದನ್ನೇ ಹೇಳ್ತಾರೆ.

ಇದನ್ನ ನೋಡಿ ಪಕ್ಕದ ಮನೆಯವರೂ ನಮಗೂ ಮಾಡ್ಕೊಡು ಅಂದ್ರು. ಅವರದ್ದು ಬರೀ ತೋಟ, ಹೊರಗಿನವರ ಫೋನು ಬರೋ ಅಗತ್ಯವೇ ಇಲ್ಲ, ಎರಡು ಸಿಮ್ ಇಟ್ಕೊಂಡು ಒದ್ದಾಡೋದು ಎಂತಕ್ಕೆ. ಡಿಎನ್‌ಡಿ ಹಾಕಿ, ಕಾಂಟ್ಯಾಕ್ಟಲ್ಲಿ ಇಲ್ಲದವರ ಕಾಲ್ ರಿಂಗ್ ಆಗದ ಹಾಗೆ ಸೆಟ್ಟಿಂಗ್ ಮಾಡ್ಕೊಟ್ಟೆ, ಗ್ಯಾಸ್ ಸಿಲಿಂಡರ್ ತರೋ ಹುಡುಗನ ನಂಬರೂ ಕೊನೆಗೌಡ ಸಾಮಾನ್ಯವಾಗಿ ಫೋನ್ ತಗೊಳ್ಳೋ ಇಬ್ರ ನಂಬರೂ ಸೇವ್ ಮಾಡ್ಸಿದೆ, ಅವರ ಮಟ್ಟಿಗೆ ಅಷ್ಟಕ್ಕೇ ಮುಗೀತು.